ಬರೆಯದೆ ಬಿಟ್ಟ ಗುಂಡಿ

“ಗುರುಗಳೇ, ಒಳ್ಳೆಯದನ್ನಷ್ಟೇ ಹೇಳಿ ಕೆಟ್ಟದ್ದನ್ನು ಬಿಟ್ಟುಬಿಟ್ಟರೆ ತಪ್ಪಾಗುತ್ತದೆಯೇ? ನಾನು ಸುಳ್ಳಂತೂ ಹೇಳುವುದಿಲ್ಲ.”

ಕೇಳಿದವನು ಗುರುಪಾದ. ಊರೂರು ತಿರುಗಿ ಪ್ರವಚನ ಹೇಳುವುದು ಗುರುಗಳು ಅವನಿಗೆ ವಹಿಸಿದ್ದ ಕೆಲಸ. ಅವನ ಮಾತು ಕೇಳಿದ ಜನ ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರನಿದ್ದ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಒಂದು ಸೈಕಲ್ ಇತ್ತು, ಒಂದು ಹೊಳೆ ಇತ್ತು. ಸೈಕಲ್ ಅವನದೇ. ಹೊಳೆ ಎಲ್ಲರದು, ಆದರೆ ಅವನು ಅದನ್ನೂ ತನ್ನದೆಂದೇ ತಿಳಿದಿದ್ದ. ಬೆಳಕು ಹರಿಯುವ ಹೊತ್ತಿಗೆ ಕ್ಯಾರಿಯರ್‌ಗೆ ಹಲಗೆ ಬಿಗಿದು, ಹ್ಯಾಂಡಲ್‌ಗೆ ಬಣ್ಣದ ಚೀಲ ತಗುಲಿಹಾಕಿ ಹೊರಟುಬಿಡುತ್ತಿದ್ದ. ಮಡಚುವ ಕುರ್ಚಿಯೊಂದು ಬೆನ್ನಿಗಿರುತ್ತಿತ್ತು. ಎದುರಿಗೆ ಸಿಕ್ಕವರು ಇವನಿಗೆ ಬೇರೆ ಕಸುಬಿಲ್ಲವೇ ಎಂದು ನಗುತ್ತಿದ್ದರು. ಅವನಿಗೆ ನಿಜವಾಗಿಯೂ ಬೇರೆ ಕಸುಬು ಇರಲಿಲ್ಲ.

ಬೇಸಿಗೆಯಲ್ಲಿ ಆ ಹೊಳೆ ಸಣ್ಣ ಸಣ್ಣ ಹರಿವುಗಳಾಗಿ ಸೀಳಿಕೊಂಡು, ನಡುವೆ ಅಗಲವಾದ ಮರಳ ದಿಬ್ಬ ಏಳುತ್ತಿತ್ತು. ಆ ಮರಳಿನಲ್ಲಿ ಒಬ್ಬ ರೈತನೂ ಅವನ ಹೆಂಡತಿಯೂ ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದರು. ಮಳೆಗಾಲ ಬಂದರೆ ಹೊಳೆ ಆ ಹೊಲವನ್ನು ವಾಪಸು ತೆಗೆದುಕೊಳ್ಳುತ್ತಿತ್ತು, ಬೇಸಿಗೆಗೆ ಮತ್ತೆ ಕೊಡುತ್ತಿತ್ತು. ಚಿತ್ರಗಾರನಿಗೆ ಬಾಯಾರಿದಾಗ ರೈತನ ಹೆಂಡತಿ ಮರಳು ಬಗೆದು, ಒರತೆಯಲ್ಲಿ ತಿಳಿನೀರು ಜಿನುಗುವ ತನಕ ಕಾದು, ಚೊಂಬು ತುಂಬಿಸಿ ಕೊಡುತ್ತಿದ್ದಳು. ಅವನು ಅರ್ಧ ಕುಡಿದು ಉಳಿದರ್ಧದಲ್ಲಿ ಬಣ್ಣ ಕಲಸುತ್ತಿದ್ದ.

ಆ ಚಿತ್ರಗಳನ್ನು ನೋಡಿ ಮೆಚ್ಚದವರಿರಲಿಲ್ಲ. ಪಟ್ಟಣದ ಮದುವೆ ಮಂಟಪದಲ್ಲಿ, ದವಾಖಾನೆಯಲ್ಲಿ, ಸರಕಾರಿ ಕಚೇರಿಯಲ್ಲಿ ಅವನ ಹೊಳೆ ನೇತಾಡುತ್ತಿತ್ತು. ಎಂದೂ ಹೊಳೆಯ ಕಡೆ ತಲೆ ಹಾಕದವರಿಗೂ ಅದು ಹೇಗಿದೆ ಎಂದು ಗೊತ್ತಿತ್ತು.

ಒಂದು ವರ್ಷ ಮರಳಿನ ಗುತ್ತಿಗೆದಾರನೊಬ್ಬ ಬಂದ. ಅವನ ಲಾರಿಗಳು ಬಂದವು, ಅಗೆಯುವ ಯಂತ್ರ ಬಂತು. ದಿಬ್ಬದ ಒಂದು ತುದಿಯಲ್ಲಿ ದೊಡ್ಡ ಗುಂಡಿ ಬಿತ್ತು. ಅದನ್ನು ಮೊದಲ ಸಲ ನೋಡಿದ ದಿನ ಚಿತ್ರಗಾರನಿಗೆ ಸಂಕಟವಾಯಿತು. ಅವತ್ತು ಅವನು ಕುಂಚ ಮುಟ್ಟಲಿಲ್ಲ. ಮರುದಿನ ಬಂದವನು ಗುಂಡಿ ಕಾಣದ ಹಾಗೆ ಕುರ್ಚಿಯನ್ನು ತುಸು ತಿರುಗಿಸಿಕೊಂಡು ಕೂತ. ಅದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ಯಾವ ಚಿತ್ರಗಾರನಾದರೂ ಕೂರುವ ಜಾಗ ಆರಿಸಿಕೊಳ್ಳುವವನೇ.

ಗುಂಡಿಗಳು ಹೆಚ್ಚಿದವು. ಕುರ್ಚಿಯನ್ನು ಯಾವ ಕಡೆ ತಿರುಗಿಸಿದರೂ ಒಂದಲ್ಲ ಒಂದು ಕಾಣತೊಡಗಿತು. ಆಗ ಅವನು ಕುರ್ಚಿ ತಿರುಗಿಸುವುದನ್ನು ಬಿಟ್ಟು, ಚಿತ್ರದಿಂದ ಗುಂಡಿಯನ್ನೇ ಬಿಟ್ಟ. ಮರ ಬರೆಯುವಾಗ ಒಣಗಿದ ಟೊಂಗೆಯನ್ನು ಬಿಡುವುದಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಬಿಟ್ಟ ಜಾಗ ಹಾಳೆಯ ಮೇಲೆ ಖಾಲಿ ಇರುವುದಿಲ್ಲ, ಅಲ್ಲಿ ಏನನ್ನಾದರೂ ಬರೆಯಲೇಬೇಕು. ಅವನು ಮರಳನ್ನು ಬರೆದ. ಲಾರಿಯವರು ಹಗಲೆಲ್ಲ ಹೊತ್ತುಕೊಂಡು ಹೋದ ಮರಳನ್ನು ಅವನು ಸಂಜೆಯೊಳಗೆ ಹಾಳೆಯ ಮೇಲೆ ತಂದು ಸುರಿಯುತ್ತಿದ್ದ. ಹಾಗೆ ಸುರಿಯುವಾಗ ಅವನ ಕಣ್ಣು ತುಂಬಿಬರುತ್ತಿತ್ತು. ಹೊಳೆಗೆ ತನ್ನಿಂದಾದ ಸೇವೆ ಇದು ಎಂದು ಅವನು ಮನಸಾರೆ ನಂಬಿದ್ದ.

ಒಂದು ದಿನ ರೈತನ ಹೆಂಡತಿ ಚೊಂಬು ಕೊಡಲು ಬಂದವಳು ಹಲಗೆಯ ಮೇಲಿನ ಚಿತ್ರ ನೋಡಿದಳು. ಆಮೇಲೆ ಹೊಳೆಯ ಕಡೆ ನೋಡಿದಳು.

“ಎಲ್ಲಾ ಬರದೀರಿ. ಆ ಗುಂಡಿ ಯಾಕ ಬಿಟ್ರಿ?”

“ಅದು ಚಿತ್ರಕ್ಕ ಹೊಂದೂದಿಲ್ಲವ್ವಾ.”

“ಹೊಳಿಗೆ ಹೊಂದತೈತೇನ್ರೀ?”

ಅವನು ನಕ್ಕು ಚೊಂಬು ಇಸಿದುಕೊಂಡ. ಅಂದಿನ ಒರತೆಯ ನೀರು ರಾಡಿಯಾಗಿತ್ತು. ಅದನ್ನು ಕುಡಿಯದೆ ಬಣ್ಣಕ್ಕಷ್ಟೇ ಬಳಸಿದ.

ವರ್ಷಗಳು ಹೀಗೇ ಉರುಳಿದವು. ಕೈ ಬಿಟ್ಟದ್ದನ್ನು ಕಣ್ಣೂ ಬಿಡತೊಡಗಿತು. ಈಗ ಅವನಿಗೆ ಗುಂಡಿ ಕಂಡು ಸಂಕಟವಾಗುತ್ತಿರಲಿಲ್ಲ, ಯಾಕೆಂದರೆ ಗುಂಡಿ ಕಾಣುತ್ತಲೇ ಇರಲಿಲ್ಲ. ಸೈಕಲ್ಲಿನಿಂದ ಇಳಿದು ದಂಡೆಯ ಮೇಲೆ ನಿಂತರೆ ಅವನೆದುರಿಗೆ ಹಳೆಯ ಹೊಳೆಯೇ ಹರಿಯುತ್ತಿತ್ತು. ಅಷ್ಟರಮಟ್ಟಿಗೆ ಅವನು ಸುಖಿಯಾಗಿದ್ದ.

ಒಂದು ಬೇಸಿಗೆ ರೈತ ಹೆಂಡತಿಯನ್ನು ಬಳ್ಳಿ ಕಾಯಲು ಬಿಟ್ಟು, ಹಣ್ಣು ಮಾರಲು ದೂರದ ಸಂತೆಗಳಿಗೆ ಹೋದ. ಅವನು ಊರಲ್ಲಿ ಇಲ್ಲದಾಗ ಅಗೆಯುವ ಯಂತ್ರ ಹರಿವಿನೊಳಕ್ಕೇ ಇಳಿಯಿತು. ಜನ ಮೊಣಕಾಲುದ್ದ ನೀರಿನಲ್ಲಿ ಹಾಯುತ್ತಿದ್ದ ಜಾಗದಲ್ಲೇ ಬಗೆಯಿತು. ಯಂತ್ರ ಹೋದ ಮೇಲೆ ನೀರು ಗುಂಡಿಯನ್ನು ತುಂಬಿಕೊಂಡು ಮೊದಲಿನಂತೆಯೇ ನುಣ್ಣಗೆ ಹರಿಯಿತು. ಚಿತ್ರಗಾರ ಆ ಸಂಜೆ ದಂಡೆಯ ಮೇಲೇ ಇದ್ದ. ಯಂತ್ರ ಯಾವಾಗ ತೊಲಗುವುದೋ ಎಂದು ಬೇಸರಪಡುತ್ತ ಕಾದ. ಅದು ತೊಲಗಿದ ಮೇಲೆ ಅದೇ ಜಾಗವನ್ನು ಬರೆದ. ಹಾಯುವ ದಾರಿಯಲ್ಲಿ ತೆಳ್ಳನೆಯ ನೀರು, ನೀರಿನಡಿ ಹೊಂಬಣ್ಣದ ಮರಳು. ಚಿತ್ರ ಬಹಳ ಚೆನ್ನಾಗಿ ಬಂತು. ಆ ರಾತ್ರಿಯೇ ತಾಲ್ಲೂಕು ಕಚೇರಿಯವರು ಅದನ್ನು ಕೊಂಡೊಯ್ದರು.

ಮರುದಿನ ಬೆಳಿಗ್ಗೆ ಸೈಕಲ್ ಏರಿ ಬರುವಾಗ ಹೊಳೆಯ ದಾರಿಯಲ್ಲಿ ರೈತ ಎದುರಾದ. ಬಸ್ಸಿನಿಂದ ಇಳಿದು ಬಂದಿದ್ದ, ತಲೆಯ ಮೇಲೆ ಬುಟ್ಟಿ ಇತ್ತು. ಹೆಂಡತಿಗೆಂದು ಸಂತೆಯಲ್ಲಿ ಕೊಂಡ ಸೀರೆ ಬುಟ್ಟಿಯೊಳಗಿತ್ತು. ಹೊಳೆ ದಾಟುವವರೆಲ್ಲ ಆ ಸೀಮೆಯಲ್ಲಿ ನೀರಿಗಿಳಿಯುವ ಮೊದಲು ಕೇಳುವ ಮಾತನ್ನೇ ಅವನೂ ಕೇಳಿದ.

“ಹೊಳಿ ಹೆಂಗೈತ್ರೀ?”

“ಚಂದ ಐತಿ,” ಎಂದು ಚಿತ್ರಗಾರ ಗಂಟೆ ಬಾರಿಸಿ ಮುಂದೆ ಹೋದ. ಅವತ್ತು ಅವನಿಗೆ ಮೇಲ್ದಂಡೆಯ ಹುಣಸೆಮರ ಬರೆಯುವುದಿತ್ತು.

ರೈತ ಹುಟ್ಟಿದಾಗಿನಿಂದ ಹಾಯ್ದ ನೀರಿಗೆ ಇಳಿದ. ಮಧ್ಯಾಹ್ನದ ಹೊತ್ತಿಗೆ ಅಂಬಿಗರು ಅವನನ್ನು ಮೇಲೆತ್ತಿದರು. ಬುಟ್ಟಿ ಕೆಳಗೆಲ್ಲೋ ದಡ ಹತ್ತಿತ್ತು.

ಕೂಗು ಕೇಳಿ ಚಿತ್ರಗಾರ ಓಡಿಬಂದ. ಹೆಂಗಸು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ಯಾರನ್ನರ ಒಂದು ಮಾತು ಕೇಳಿ ಇಳೀಬಾರದಿತ್ತಾ,” ಎಂದು ಹೆಣವನ್ನೇ ಬೈಯುತ್ತಿದ್ದಳು. ರೈತ ಕೇಳಿಯೇ ಇಳಿದಿದ್ದ. ಅದನ್ನು ಚಿತ್ರಗಾರನೊಬ್ಬನೇ ಬಲ್ಲ. ಆ ಹೊತ್ತಿಗೆ ಅವನ ಕಣ್ಣಿಗೆ ವರ್ಷಗಳಿಂದ ಬಿಟ್ಟ ಗುಂಡಿಗಳೆಲ್ಲ ಒಟ್ಟಿಗೆ ಕಂಡವು. ದಂಡೆಯಿಂದ ದಂಡೆಯ ತನಕ ಅಲ್ಲಿ ಅವನು ಬರೆದ ಹೊಳೆಯೇ ಇರಲಿಲ್ಲ. ಇಷ್ಟು ದಿನ ತಾನು ಏನನ್ನು ನೋಡುತ್ತಿದ್ದೆ ಎಂದು ಅವನಿಗೆ ಭಯವಾಯಿತು.

ಅಲ್ಲೇ ಕೂತು ಅವನು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಬರೆದ. ಕೈ ಹಳೆಯ ಅಭ್ಯಾಸಕ್ಕೆ ಮರಳು ಬರೆಯಲು ಹೋದಾಗಲೆಲ್ಲ ಹಿಂದಕ್ಕೆ ಎಳೆದುಕೊಂಡು ಗುಂಡಿ ಬರೆದ. ಸತ್ತವನ ದಿನಕರ್ಮ ಮುಗಿದ ಮೇಲೆ ಆ ಚಿತ್ರವನ್ನು ಸೈಕಲ್ಲಿಗೆ ಕಟ್ಟಿ, ಊರವರನ್ನೂ ಆ ಹೆಂಗಸನ್ನೂ ಕೂಡಿಕೊಂಡು ತಾಲ್ಲೂಕಿನ ಅಧಿಕಾರಿಯ ಬಳಿಗೆ ಹೋದ. ಮರಳು ಅಗೆಯುವುದನ್ನು ನಿಲ್ಲಿಸಬೇಕು ಎಂದು ಕೈಮುಗಿದ. ಅದೊಂದು ಆದರೆ ಉಳಿದ ಹೊಳೆಯಾದರೂ ಬದುಕೀತು, ತಾನೂ ಬದುಕಬಹುದು ಎಂದುಕೊಂಡಿದ್ದ.

ಅಧಿಕಾರಿ ಪರ ಊರಿನವನು, ಕೆಟ್ಟ ಮನುಷ್ಯನಲ್ಲ. ಅವನ ಕುರ್ಚಿಯ ಎದುರಿನ ಗೋಡೆಯ ಮೇಲೆ ಚಿತ್ರಗಾರನ ಹೊಳೆ ಇತ್ತು. ದಿನವೂ ಅದನ್ನು ನೋಡುತ್ತ ಚಹಾ ಕುಡಿಯುವುದು ಅವನ ರೂಢಿ. ಅವನು ಕೈಯಲ್ಲಿದ್ದ ಚಿತ್ರವನ್ನೂ ಗೋಡೆಯ ಚಿತ್ರವನ್ನೂ ನೋಡಿದ.

“ಎರಡೂ ನಿಮ್ಮದೇ. ಜಾಗವೂ ಒಂದೇ. ಗೋಡೆ ಮೇಲಿರೋದು ಈ ವರ್ಷದ್ದೇ ಅಂತ ಅದರ ಕೆಳಗೆ ನೀವೇ ಬರೆದಿದ್ದೀರಿ. ಯಾವುದು ನಿಜ?”

“ಇದು ನಿಜ ಸ್ವಾಮಿ. ಅದು ಸುಳ್ಳು.”

“ಅದನ್ನೂ ಅಲ್ಲೇ ಕೂತು, ನೋಡಿಯೇ ಬರೆದಿರಾ?”

“ನೋಡಿಯೇ ಬರೆದೆ.”

“ನೋಡಿಯೂ ನಿಮಗೆ ಬೇಕಾದ ಹಾಗೆ ಬರೆದಿರಿ. ಹಾಗಾದರೆ ಇದನ್ನೂ ನಿಮಗೆ ಬೇಕಾದ ಹಾಗೆ ಬರೆದಿಲ್ಲ ಅಂತ ನಾನು ಹೇಗೆ ನಂಬಲಿ?”

ಊರವರು ಚಿತ್ರಗಾರನ ಮುಖ ನೋಡಿದರು. ರೈತನ ಹೆಂಡತಿ ಮಾತ್ರ ಗೋಡೆಯನ್ನು ನೋಡುತ್ತಿದ್ದಳು. ಹಾಯುವ ದಾರಿ ಅಲ್ಲಿ ಹೊಂಬಣ್ಣದಲ್ಲಿ ಹೊಳೆಯುತ್ತಿತ್ತು. ಗಂಡ ಸಾಯುವ ಹಿಂದಿನ ಸಂಜೆಯ ಚಿತ್ರ ಅದೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ, ಮೂಲೆಯಲ್ಲಿ ಅವಳ ಕಲ್ಲಂಗಡಿ ಬಳ್ಳಿ ಅವತ್ತು ಇದ್ದಷ್ಟೇ ಉದ್ದಕ್ಕೆ ಹಬ್ಬಿತ್ತು. ಅವಳು ಅವನನ್ನು ಬೈಯಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

ತಾನೇ ಬಂದು ನೋಡುವೆನೆಂದು ಅಧಿಕಾರಿ ಮಾತು ಕೊಟ್ಟ. ಮಾತಿಗೆ ತಪ್ಪದೆ ಬಂದ ಕೂಡ. ಅವನು ಬರುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಹೊಳೆ ದಂಡೆ ತುಂಬಿ, ಎಲ್ಲ ಗುಂಡಿಗಳನ್ನೂ ಮುಚ್ಚಿಕೊಂಡು ಹರಿಯುತ್ತಿತ್ತು. ಸೇತುವೆಯ ಮೇಲೆ ಜೀಪು ನಿಲ್ಲಿಸಿ ಅಧಿಕಾರಿ ಸ್ವಲ್ಪ ಹೊತ್ತು ನೋಡಿದ. ಗೋಡೆಯ ಚಿತ್ರಕ್ಕಿಂತಲೂ ಚೆನ್ನಾಗಿದೆ ಎಂದ. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಗುತ್ತಿಗೆದಾರ ಹೌದೆಂದ.

ಮುಂದಿನ ಬೇಸಿಗೆಯಲ್ಲಿ ಅಗೆಯಲು ಏನೂ ಉಳಿಯದ ತನಕ ಅಗೆದರು. ಒರತೆ ಬತ್ತಿತು. ಮರಳಿಲ್ಲದ ಮೇಲೆ ಬಳ್ಳಿ ಎಲ್ಲಿ ಹಬ್ಬಬೇಕು? ರೈತನ ಹೆಂಡತಿ ತವರಿನವರ ಜೊತೆ ಕೂಲಿಗೆ ಹೋದಳು. ಊರವರು ಒಬ್ಬೊಬ್ಬರಾಗಿ ನೀರಿರುವ ಕಡೆ ಹೋದರು. ಚಿತ್ರಗಾರ ಸೈಕಲ್ಲನ್ನು ಗೋಡೆಗೆ ಒರಗಿಸಿದವನು ಮತ್ತೆ ಮುಟ್ಟಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಹೊಳೆ, ತೆರೆದರೆ ಗುಂಡಿ. ಯಾವುದನ್ನೂ ಬರೆಯಲು ಅವನಿಂದ ಆಗಲಿಲ್ಲ.

ಹೊಳೆ ಹೋದ ಮೇಲೆ ಅವನ ಚಿತ್ರಗಳಿಗೆ ಬೇಡಿಕೆ ಹೆಚ್ಚಿತು. ಒಂದು ದಿನ ಗುತ್ತಿಗೆದಾರನೇ ಮನೆ ಹುಡುಕಿಕೊಂಡು ಬಂದ. ಹೊಸ ಮನೆ ಕಟ್ಟಿಸಿದ್ದ, ಪಡಸಾಲೆಗೊಂದು ದೊಡ್ಡ ಚಿತ್ರ ಬೇಕಾಗಿತ್ತು.

“ಹೊಳೆ ಹೆಂಗಿತ್ತು ಅಂತ ನಮ್ಮ ಮಕ್ಕಳಿಗೆ ತೋರ್ಸಾಕ ನೀವೊಬ್ರೇ ಇರೋದು. ನಿಮ್ಮ ಉಪಕಾರ ನಾವು ಮರೆಯಂಗಿಲ್ರೀ,” ಎಂದು ಅವನ ಕಾಲು ಮುಟ್ಟಿ ನಮಸ್ಕರಿಸಿದ. ಅದು ನಾಟಕವಾಗಿರಲಿಲ್ಲ. ಚಿತ್ರಗಾರ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಆಗದೆ ನಿಂತಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಗುರುಪಾದನಿಗೆ ಸಿಟ್ಟು ಬಂದಿತ್ತು.

“ಹಾಗಾದರೆ ಗುತ್ತಿಗೆದಾರ ಮೊದಲಿನಿಂದಲೂ ಅವನಿಗೆ ದುಡ್ಡು ಕೊಟ್ಟು ಬರೆಸುತ್ತಿದ್ದನೇ?” ಎಂದು ಕೇಳಿದ.

“ಒಂದು ಬಿಡಿಗಾಸೂ ಕೊಟ್ಟಿರಲಿಲ್ಲ,” ಎಂದರು ಗುರುಗಳು, “ಅಷ್ಟನ್ನೂ ಅವನು ಹೊಳೆಯ ಮೇಲಿನ ಪ್ರೀತಿಯಿಂದಲೇ ಮಾಡಿಕೊಟ್ಟ.”