ಬಾಳೆಗೆ ಹಿಡಿಸಿದ ವ್ರತ

ಗುರುಮಲ್ಲ ಹಟಮಾರಿ. ಅಂತಿಂಥ ಹಟವಲ್ಲ, ಹಿಡಿದರೆ ಉಡದ ಪಟ್ಟು.

ಕಪಿಲೆಯ ದಡದ ಸಣ್ಣ ಮಠಕ್ಕೆ ಬಂದ ದಿನವೇ ನಿರ್ವಾಣಸ್ವಾಮಿಗಳ ಕಾಲಿಗೆ ಬಿದ್ದ.

"ಬುದ್ಧಿ, ನಮ್ಮ ತಾತ ಹೊಡೆಯೋನು. ನಮ್ಮಪ್ಪನೂ ಹೊಡೆಯೋನು. ಆ ಕೋಪ ನನ್ನಲ್ಲಿ ಇರಕೂಡದು. ಬೇರುಸಮೇತ ಕಿತ್ತು ಹಾಕ್ಬೇಕು. ದೀಕ್ಷೆ ಕೊಡಿ."

"ಕೊಡೋಣ," ಎಂದರು ಸ್ವಾಮಿಗಳು. ಕೈಗೆರಡು ಬಾಳೆಹಣ್ಣು ಕೊಟ್ಟರು. "ಮೊದಲು ಒಂದು ವರ್ಷ ಈ ಏಲಕ್ಕಿ ಬಾಳೆ ನೋಡ್ಕೊ. ನಲವತ್ತು ಗಿಡ ಇವೆ."

ದೀಕ್ಷೆ ಕೇಳಿದವರೆಲ್ಲ ಒಂದು ವರ್ಷ ತೋಟ ನೋಡಬೇಕು. ಆ ಮಠದ ಪದ್ಧತಿಯೇ ಅದು.

ಗುರುಮಲ್ಲ ದಿನಕ್ಕೆ ಒಂದೇ ಹೊತ್ತು ಉಣ್ಣತೊಡಗಿದ. ಮೈ ದಂಡಿಸಿದರೆ ಕೋಪ ಸಾಯುತ್ತೆ ಅಂತ ಅವನ ನಂಬಿಕೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಾಳೆಗೂ ವ್ರತ ಹಿಡಿಸಿದ! ಹುಣ್ಣಿಮೆಗೊಮ್ಮೆ ನೀರು, ಅಮಾವಾಸ್ಯೆಗೊಮ್ಮೆ ನೀರು. ಅದೂ ಸುಡುಬೇಸಿಗೆಯಲ್ಲಿ, ಪಕ್ಕದಲ್ಲೇ ಕಾಲುವೆ ಹರಿಯುತ್ತಿದ್ದರೂ.

"ಬಾಡ್ತಾ ಇವೆಯಲ್ಲೋ," ಎಂದರು ಸ್ವಾಮಿಗಳು.

"ಗಟ್ಟಿಯಾಗ್ತಾವೆ ಬುದ್ಧಿ."

"ಸರಿ. ತೋಟ ನಿಂದು."

ಹನ್ನೊಂದನೇ ತಿಂಗಳಲ್ಲಿ ಎಲೆಗಳ ಮೇಲೆ ಹಳದಿ ಗೀರು ಕಾಣಿಸಿತು. ಬರಬರುತ್ತ ಗೀರು ಕಪ್ಪಗಾಯಿತು. ಯಾರೋ ಹೊರಗಿಂದ ರೋಗ ತಂದಿದ್ದಾರೆ ಎಂದು ಗುರುಮಲ್ಲ ಕಂಡಕಂಡವರನ್ನೆಲ್ಲ ಅನುಮಾನಿಸಿದ.

ಮಠದ ಅಡುಗೆಯ ದೊಡ್ಡಯ್ಯ ಊಟಕ್ಕೆ ಎಲೆ ಕೊಯ್ಯಲು ಬಂದ. ಗುರುಮಲ್ಲ ಅಡ್ಡ ನಿಂತ.

"ನಿನ್ನ ಕುಡುಗೋಲೇ ರೋಗ ತಂದಿರೋದು!"

"ಅಯ್ಯೋ, ನನ್ನ ಕುಡುಗೋಲೇನು ಮಾಡ್ತು? ನೀರು ಬಿಡಪ್ಪ. ಪಾಪ, ನಿನ್ನ ಹಾಗೇ ಸೊರಗಿವೆ," ಎಂದು ದೊಡ್ಡಯ್ಯ ನಕ್ಕ.

ಗುರುಮಲ್ಲ ಅವನ ಕೆನ್ನೆಗೆ ಬಾರಿಸಿಬಿಟ್ಟ.

ಎಪ್ಪತ್ತು ವರ್ಷದ ಮುದುಕ. ದಿನಾ ಇವನಿಗೆ ಮುದ್ದೆ ಬಡಿಸಿದವನು. ಕೆನ್ನೆ ಹಿಡಿದುಕೊಂಡು ಹೊರಟುಹೋದ.

ಗುರುಮಲ್ಲ ತನ್ನ ಕೈ ನೋಡಿಕೊಂಡ. ಥೇಟ್ ಅಪ್ಪನ ಕೈ. ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೋಗಿ ಬಟ್ಟೆ ಗಂಟು ಕಟ್ಟಿದ.

"ಹೊರಡ್ತೀನಿ ಬುದ್ಧಿ. ನಾನು ದೀಕ್ಷೆಗೆ ಯೋಗ್ಯನಲ್ಲ."

"ಹೊರಡು. ಗಿಡಕ್ಕೆ ಏನಾಗಿದೆ ಅಂತ ತಿಳ್ಕೊಂಡು ಹೊರಡು. ಒಪ್ಕೊಂಡ ಕೆಲಸ ಅದು."

ಸ್ವಾಮಿಗಳು ಹೇಳಿಕಳಿಸಿದ್ದಕ್ಕೆ ತೋಟಗಾರಿಕೆ ಕಾಲೇಜಿನ ವಾರಿಜಾಕ್ಷಿ ಮೇಡಂ ಬಂದರು. ಎಲೆ ಒಯ್ದು ಪರೀಕ್ಷೆ ಮಾಡಿಸಿ, ವಾರದ ಮೇಲೆ ಮತ್ತೆ ಬಂದರು.

"ವೈರಸ್," ಎಂದರು.

"ಯಾರು ತಂದಿದ್ದು ಮೇಡಂ?"

"ಯಾರೂ ತಂದಿಲ್ಲ. ಗಿಡದೊಳಗೇ ಇತ್ತು. ಮನುಷ್ಯ ಬಾಳೆ ನೆಡೋಕೆ ಶುರು ಮಾಡೋದಕ್ಕೂ ಎಷ್ಟೋ ಮುಂಚೆ, ಇದರ ಮೂಲದ ಕಾಡುಬಾಳೆಗೆ ಆ ವೈರಸ್ ತಗುಲಿದೆ. ಅದರ ಡಿಎನ್‌ಎ ಬಾಳೆಯ ಡಿಎನ್‌ಎ ಒಳಗೇ ಸೇರಿಕೊಂಡುಬಿಟ್ಟಿದೆ. ತಾಯಿಗಿಡದಿಂದ ಅದರ ಬುಡದಲ್ಲಿ ಹುಟ್ಟೋ ಕಂದಿಗೆ, ಆ ಕಂದಿನಿಂದ ಇನ್ನೊಂದು ಕಂದಿಗೆ, ಹಾಗೇ ಬಂದಿದೆ. ಸಾಮಾನ್ಯವಾಗಿ ತೆಪ್ಪಗಿರುತ್ತೆ. ಗಿಡ ಬಳಲಿದರೆ ಎದ್ದು ಕೂರುತ್ತೆ."

"ಬಳಲೋದು ಅಂದ್ರೆ?"

"ನೀರಿಲ್ಲದೆ ಬಿಸಿಲಲ್ಲಿ ಒಣಗೋದು."

ಗುರುಮಲ್ಲನ ಮುಖ ಕಪ್ಪಿಟ್ಟಿತು. "ಅದು ಇಲ್ಲದಿರೋ ಕಂದು ಕೊಡಿ. ಇವನ್ನೆಲ್ಲ ಕಡಿದು ಹಾಕ್ತೀನಿ."

"ಏಲಕ್ಕಿ ಬಾಳೆಯಲ್ಲಿ ಅದು ಇಲ್ಲದ್ದನ್ನ ನಾನಂತೂ ನೋಡಿಲ್ಲ. ತೀರಾ ಕಪ್ಪಾಗಿರೋ ಮೂರು ಗಿಡ ಕಿತ್ತುಹಾಕಿ. ಉಳಿದವನ್ನ ಚೆನ್ನಾಗಿ ನೋಡ್ಕೊಳಿ."

ಮೇಡಂ ಹೋದದ್ದೇ ತಡ, ಗುರುಮಲ್ಲ ಮಚ್ಚು ತಂದ. ನಲವತ್ತನ್ನೂ ನೆಲಕ್ಕೆ ಕೆಡವಿಯೇ ಮಠ ಬಿಡುವುದು ಎಂದು ಹಲ್ಲು ಕಚ್ಚಿದ.

ಸ್ವಾಮಿಗಳು ಮೊದಲ ಗಿಡದ ಪಕ್ಕ ಬಂದು ನಿಂತರು.

"ಆ ವೈರಸ್ ಮಾತ್ರ ಕಡಿ. ಬಾಳೆ ಬಿಡು."

"ಅದು ಹೇಗಾಗುತ್ತೆ ಬುದ್ಧಿ? ಗಿಡದ ತುಂಬ ಅದೇ ಇದೆಯಲ್ಲ."

"ಹಣ್ಣಲ್ಲೂ ಇದೆಯಾ?"

"ಇರಲೇಬೇಕಲ್ಲ."

"ನೀನು ಬಂದ ದಿನ ಎರಡು ತಿಂದೆಯಲ್ಲ. ಹೇಗಿತ್ತು?"

ಗುರುಮಲ್ಲ ಮಚ್ಚು ಕೆಳಗಿಟ್ಟ.

"ಸಿಹಿಯಾಗಿತ್ತು," ಎಂದ.

ಮೂರೇ ಗಿಡ ಕಿತ್ತ. ಆಮೇಲೆ ಕಾಲುವೆಯ ಮಡೆ ಬಿಚ್ಚಿದ. ಮೂವತ್ತೇಳು ಗಿಡದ ಬುಡಕ್ಕೂ ನೀರು ಹೋಗುವ ತನಕ ಕೆಸರಲ್ಲೇ ನಿಂತಿದ್ದ.

ಅಲ್ಲಿಂದ ನೇರ ಅಡುಗೆಮನೆಗೆ ಹೋದ. ದೊಡ್ಡಯ್ಯನ ಕಾಲು ಹಿಡಿದ.

"ತಪ್ಪಾಯ್ತು ದೊಡ್ಡಯ್ಯ."

"ತಪ್ಪೇ. ಸಣ್ಣ ತಪ್ಪಲ್ಲ," ಎಂದ ದೊಡ್ಡಯ್ಯ. "ನಂಗೆ ಬೇಕಾದಷ್ಟು ಬೈಯೋದಿದೆ. ಮೊದಲು ಉಣ್ಣು. ಹಸಿದೋನ ಹತ್ರ ನಾನು ಜಗಳ ಆಡಲ್ಲ."

ಗುರುಮಲ್ಲ ಆ ದಿನ ಎರಡನೇ ಹೊತ್ತು ಉಂಡ. ದೊಡ್ಡಯ್ಯ ಬೈಯುತ್ತಲೇ ಬಡಿಸಿದ. ಇವನು ಅಳುತ್ತಲೇ ಉಂಡ.

ಕೈ ತೊಳೆದು ಸ್ವಾಮಿಗಳ ಹತ್ತಿರ ಬಂದ.

"ಗಂಟು ಬಿಚ್ಚಲಾ ಬುದ್ಧಿ?"

"ಬಿಚ್ಚು. ನಿನ್ನ ವರ್ಷ ಇವತ್ತಿಂದ ಮತ್ತೆ ಶುರು."

"ಒಂದಲ್ಲ, ಹತ್ತು ವರ್ಷ ಅಂದ್ರೂ ಮಾಡ್ತೀನಿ," ಎಂದ ಗುರುಮಲ್ಲ. ಹೊರಟವನು ಬಾಗಿಲಲ್ಲಿ ನಿಂತ. "ಬುದ್ಧಿ, ಆ ಕೋಪ ನನ್ನಿಂದ ಯಾವತ್ತೂ ಹೋಗಲ್ವಾ?"

"ನನ್ನಿಂದಲೇ ಹೋಗಿಲ್ಲ," ಎಂದರು ಸ್ವಾಮಿಗಳು. "ನಾನು ಹೊತ್ತುಹೊತ್ತಿಗೆ ಉಣ್ತೀನಿ."