ನೀಲಜ್ಜಿಯ ಹೆಸರುಕಾಳಿಗೆ ಹುಳ ಬಿತ್ತು

ಹತ್ತಿರ ಬನ್ನಿ ಮಕ್ಕಳೇ, ನೀಲಜ್ಜಿಗೆ ಏನಾಯ್ತು ಹೇಳ್ತೀನಿ.

ನೀಲಜ್ಜಿಯ ಮನೆಯಲ್ಲಿ ಒಂದು ಗಡಿಗೆ. ಗಡಿಗೆ ತುಂಬ ಹೆಸರುಕಾಳು. ಅರ್ಧ ಬಿತ್ತೋದಕ್ಕೆ. ಅರ್ಧ ಮೊಮ್ಮಕ್ಕಳ ಪಾಯಸಕ್ಕೆ.

ಒಂದು ಬೆಳಿಗ್ಗೆ ಅಜ್ಜಿ ಮುಚ್ಚಳ ತೆಗೆದಳು. ಅಯ್ಯೋ! ಗಡಿಗೆ ತುಂಬ ಹುಳ!

"ಹೊರಡಿ, ಹೊರಡಿ!" ಅಂದಳು.

"ಹೊರಡೋದಿಲ್ಲ. ಗಡಿಗೆ ಈಗ ನಮ್ಮದು!" ಅಂದವು ಹುಳಗಳು.

ಪಕ್ಕದ ಮನೆಯ ಕಾಶಪ್ಪ ಇಣುಕಿ ನೋಡಿದ. "ವಿಷದ ಗುಳಿಗೆ ಹಾಕು ಅಜ್ಜಿ."

"ಬೇಡಪ್ಪಾ. ಮಕ್ಕಳು ತಿನ್ನೋ ಕಾಳು!"

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಕೋಳಕ್ಕ, ಕೋಳಕ್ಕ, ಹುಳ ಹೊರಡದು. ನೀನು ಕುಕ್ಕು."

"ಗಡಿಗೆಯೊಳಗೆ ಕತ್ತಲು. ಕೊಕ್ಕು ಎಟುಕದು. ಬಿಸಿಲಿಗೆ ಹೇಳು."

"ಬಿಸಿಲಪ್ಪ, ಬಿಸಿಲಪ್ಪ, ಹುಳ ಹೊರಡದು, ಕೋಳಿ ಕುಕ್ಕದು. ನೀನು ಬೀಳು."

"ಹೇಗೆ ಬೀಳಲಿ? ಮೋಡ ಅಡ್ಡ ಕೂತಿದೆ."

"ಮೋಡಣ್ಣ, ಮೋಡಣ್ಣ, ಹುಳ ಹೊರಡದು, ಕೋಳಿ ಕುಕ್ಕದು, ಬಿಸಿಲು ಬೀಳದು. ನೀನು ಮಿಸುಕು."

"ನನಗೆ ಕಾಲಿಲ್ಲ. ಗಾಳಿ ತಳ್ಳಬೇಕು."

"ಗಾಳಣ್ಣ, ಗಾಳಣ್ಣ, ಹುಳ ಹೊರಡದು, ಕೋಳಿ ಕುಕ್ಕದು, ಬಿಸಿಲು ಬೀಳದು, ಮೋಡ ಮಿಸುಕದು. ನೀನು ಬೀಸು."

"ಬೇವಿನ ಮರ ನನ್ನ ಹಿಡಿದುಕೊಂಡಿದೆ!"

"ಬೇವಕ್ಕ, ಬೇವಕ್ಕ, ಹುಳ ಹೊರಡದು, ಕೋಳಿ ಕುಕ್ಕದು, ಬಿಸಿಲು ಬೀಳದು, ಮೋಡ ಮಿಸುಕದು, ಗಾಳಿ ಬೀಸದು. ನೀನು ಬಿಡು."

"ಬಿಡಲಾರೆ. ಆಡು ನನ್ನ ತೊಗಟೆ ಕೆರೀತಿದೆ. ಗಾಳಿ ಬೀಸಿದರೆ ಬಿದ್ದೇ ಹೋಗ್ತೀನಿ."

ಅಜ್ಜಿಗೆ ಕಾಲು ನೋವು. ಗಂಟಲು ಒಣಗಿತ್ತು. ಆದರೂ ನಿಲ್ಲಲಿಲ್ಲ.

"ಆಡೇ, ಆಡೇ, ಹುಳ ಹೊರಡದು, ಕೋಳಿ ಕುಕ್ಕದು, ಬಿಸಿಲು ಬೀಳದು, ಮೋಡ ಮಿಸುಕದು, ಗಾಳಿ ಬೀಸದು, ಬೇವು ಬಿಡದು. ನೀನು ಅಲುಗು!"

"ಹಸಿವು ಅಜ್ಜಿ, ಹಸಿವು! ಈ ಕಹಿ ತೊಗಟೆ ನನಗೇನು ಇಷ್ಟವೇ?"

"ಅಷ್ಟೇನಾ!" ಅಂದಳು ಅಜ್ಜಿ. ಹಿತ್ತಲಿಗೆ ಓಡಿದಳು. ಹೆಸರು ಬಡಿದಾಗ ಉಳಿದ ಹೊಟ್ಟು ಒಂದು ಬುಟ್ಟಿ ತಂದು ಸುರಿದಳು.

ಆಡು ಅಲುಗಿತು! ಬೇವು ಬಿಟ್ಟಿತು! ಗಾಳಿ ಬೀಸಿತು! ಮೋಡ ಮಿಸುಕಿತು! ಬಿಸಿಲು ಬಿತ್ತು!

ಅಜ್ಜಿ ಕಾಳನ್ನೆಲ್ಲ ಅಂಗಳದಲ್ಲಿ ಹರವಿದಳು. ಚುರ್ರ್ ಅಂತು ಬಿಸಿಲು. ಹುಳಗಳು ಗುಳುಗುಳು ಎದ್ದವು.

ಕೋಳಿ ಕುಕ್ಕಿತು, ಕುಕ್ಕಿತು, ಕುಕ್ಕಿತು! ಹುಳ ಹೊರಟವು. ಎಲ್ಲಿಗೆ? ಕೋಳಿಯ ಹೊಟ್ಟೆಗೆ!

ಅಜ್ಜಿ ಮೊರದಲ್ಲಿ ಕಾಳು ಕೇರಿದಳು. ತೂತು ಬಿದ್ದ ಕಾಳು ಒಂದೇ ಹಿಡಿ. ಗಟ್ಟಿ ಕಾಳು ಗಡಿಗೆ ತುಂಬ! ಬೇವು ಎಲೆ ಉದುರಿಸಿತ್ತು. ಅದನ್ನು ನೆರಳಲ್ಲಿ ಒಣಗಿಸಿ ಕಾಳಿನ ನಡುವೆ ಹಾಕಿದಳು. ಗಡಿಗೆಗೆ ತುಂಬಿ, ಅದರ ಬಾಯಿಗೆ ಮಣ್ಣು ಮೆತ್ತಿದಳು. ಆ ಕಹಿ ವಾಸನೆಗೆ ಒಂದು ಹುಳವೂ ಹತ್ತಿರ ಸುಳಿಯಲಿಲ್ಲ.

ಮಳೆ ಬಂತು. ಅಜ್ಜಿ ಅರ್ಧ ಕಾಳು ಬಿತ್ತಿದಳು. ವಾರದೊಳಗೆ ಹೊಲದ ತುಂಬ ಎರಡೆರಡು ಎಲೆಯ ಪುಟಾಣಿ ಸಸಿ! ಕಾಶಪ್ಪ ಬದುವಿನ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಬಾ ಕಾಶಪ್ಪ, ಪಾಯಸ ಬಿಸಿಯಾಗಿದೆ!"