ಓತಿಕ್ಯಾತನ ಒಪ್ಪಿಗೆ

ಬಾಣಂತಿಯರಿಗೆಂದು ಸರ್ಕಾರ ಕೊಡುವ ಮೇವನ್ನು ಉಗ್ರಾಣದ ಹೆಗ್ಗಣ ಮೇಕೆಗೆ ಕೊಡಲಿಲ್ಲ. "ಶಾಸಕರ ಕಚೇರಿಯಿಂದ ಒಂದು ಮಾತು ಹೇಳಿಸು" ಎಂದಿತು.

ಮೇಕೆ ಹೋಯಿತು. ಶಾಸಕ ನವಿಲು ಊರಲ್ಲಿರಲಿಲ್ಲ. ಮೇಜಿನ ಮೇಲೆ ಆಪ್ತ ಸಹಾಯಕ ಓತಿಕ್ಯಾತ ಕೂತಿತ್ತು.

"ಸ್ವಾಮಿ, ಮರಿಗೆ ಹಾಲು ಸಾಲುತ್ತಿಲ್ಲ. ಹೆಗ್ಗಣಕ್ಕೊಂದು ಮಾತು ಹೇಳಿ."

ಓತಿಕ್ಯಾತ ತಲೆಯಾಡಿಸಿತು. "ಆಗುತ್ತಮ್ಮಾ, ಆಗುತ್ತೆ."

ಉಗ್ರಾಣಕ್ಕೆ ಯಾವ ಮಾತೂ ಬರಲಿಲ್ಲ. ಮತ್ತೆ ಹೋದರೂ ಅದೇ ತಲೆಯಾಟ, ಅದೇ "ಆಗುತ್ತೆ". ಅಷ್ಟರಲ್ಲಿ ಮೇಕೆಯ ಕೆಚ್ಚಲು ಬತ್ತಿತು. ಮರಿ ಎದ್ದು ನಿಲ್ಲಲಾರದಾಯಿತು.

ಮೇಕೆ ಮತ್ತೊಮ್ಮೆ ಹೋದ ದಿನ ಶಾಸಕರ ಹುಟ್ಟುಹಬ್ಬ. ಬಾಗಿಲಿಗೆ ಮಾವಿನ ತೋರಣ, ಮೇಜಿನ ಮೇಲೆ ದಪ್ಪನೆಯ ಸೇವಂತಿಗೆ ಹಾರ. ಓತಿಕ್ಯಾತ ಗೋಡೆಯ ಮೇಲಿನ ನೊಣವನ್ನು ನೋಡುತ್ತಾ ತಲೆಯಾಡಿಸುತ್ತಿತ್ತು. ನೊಣಕ್ಕೂ ಅದೇ ಒಪ್ಪಿಗೆ! ಮೇಕೆಗೆ ಮೈಯೆಲ್ಲ ಉರಿದುಹೋಯಿತು.

"ಸ್ವಾಮಿ, ಮೇವು ಬೇಡ. ಈ ತೋರಣ, ಈ ಹಾರವನ್ನಾದರೂ ನನಗೆ ಕೊಡಿಸಿ."

ಓತಿಕ್ಯಾತ ತಿರುಗಿಯೂ ನೋಡದೆ ತಲೆಯಾಡಿಸಿತು. "ಆಗುತ್ತಮ್ಮಾ, ಆಗುತ್ತೆ."

ಮೇಕೆ ಕೊನೆಯ ಎಸಳು ನುಂಗುವ ಹೊತ್ತಿಗೆ ನವಿಲು ಗರಿಗೆದರಿಕೊಂಡು ಒಳಗೆ ಬಂತು.

"ನನ್ನ ಹಾರ! ಯಾರನ್ನು ಕೇಳಿ ತಿಂದೆ?"

"ತಮ್ಮ ಕಚೇರಿಯನ್ನೇ ಕೇಳಿದೆ, ಸ್ವಾಮಿ. ಇಲ್ಲಿ 'ಆಗುತ್ತೆ' ಅಂದದ್ದರಲ್ಲಿ ಒಂದಾದರೂ ಆಗಲಿ ಅಂತ ನಾನೇ ಮುಗಿಸಿಕೊಂಡೆ."

ನವಿಲು ಓತಿಕ್ಯಾತನ ಕಡೆ ತಿರುಗಿ ಗುಡುಗಿತು: "ಜನರಿಗೆ ನೀನು ಮಾಡುವ ಕೆಲಸ ಇಷ್ಟೇನಾ?"

ಓತಿಕ್ಯಾತ ತಲೆಯಾಡಿಸಿತು.